ಪಿಳ್ಳಮ್ಮನವರ ಲಾರಿ

ಹೋದ ತಿಂಗಳು ನನ್ನ ಎಡಗೈ ಹೆಬ್ಬೆರಳು ಮುಷ್ಕರ ಹೂಡಿತು. ತರಕಾರಿ ಹೆಚ್ಚುವಾಗ, ಬಟ್ಟೆ ಹಿಂಡುವಾಗ ಅದರ ಬುಡದಲ್ಲಿ ಚಳಕ್ಕೆನ್ನುವ ನೋವು. ಜಯನಗರದ ಒಬ್ಬ ಮೂಳೆ ಡಾಕ್ಟರ ಬಳಿ ಹೋದೆ. ಅವರು ಬೆರಳನ್ನು ಆಚೀಚೆ ತಿರುಗಿಸಿ, ಹೊಲಿಗೆ ಮಾಡುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಕಂಪ್ಯೂಟರ್ ಕೆಲಸವೇ ಎಂದರು. ಹೌದು, ಇನ್ಶೂರೆನ್ಸ್ ಆಫೀಸಿನಲ್ಲಿದ್ದೇನೆ, ಆದರೆ ಅಲ್ಲಿ ಹೆಬ್ಬೆರಳಿಗೆ ಅಂಥ ದುಡಿಮೆ ಏನಿಲ್ಲ ಎಂದೆ. ಮತ್ತೆ ಇನ್ನೇನು ಮಾಡುತ್ತೀರಿ ಎಂದಾಗ ಸುಳ್ಳು ತಕ್ಷಣ ಹೊಳೆಯದೆ, ವಿಡಿಯೊ ಗೇಮ್ ಆಡುತ್ತೇನೆ ಎಂದುಬಿಟ್ಟೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನ ಬೆನ್ನ ಹಿಂದೆ ಇಣುಕಿದರು. ನಿಜವಾದ ಪೇಷೆಂಟು ಅಲ್ಲೆಲ್ಲೋ ಯೂನಿಫಾರ್ಮ್ ಹಾಕಿಕೊಂಡು ಕೂತಿರಬೇಕು, ಈಕೆ ಅದರ ತಾಯಿ ಎಂದುಕೊಂಡರೋ ಏನೋ. ಹಿಂದೆ ಬರೀ ಗೋಡೆಯಿತ್ತು. ಗೋಡೆಯ ಮೇಲೆ ಬೆನ್ನುಮೂಳೆಯ ಚಿತ್ರವಿತ್ತು.

ನಲವತ್ತು ದಾಟಿದ, ತಲೆಗೆ ಬಣ್ಣ ಹಚ್ಚುವ, ಮದುವೆ ಮನೆಗಳಲ್ಲಿ ಊಟದ ಪಂಕ್ತಿ ವಿಚಾರಿಸಿಕೊಳ್ಳುವ ಹೆಂಗಸು ಗೇಮ್ ಆಡುತ್ತಾಳೆಂದರೆ ನಮ್ಮಲ್ಲಿ ಜನ ನಂಬುವುದಿಲ್ಲ. ನಂಬಿದವರು ಮರುಕಪಡುತ್ತಾರೆ. ಮಕ್ಕಳಿಲ್ಲವಲ್ಲ, ಪಾಪ, ಹೊತ್ತು ಹೋಗಬೇಕಲ್ಲ ಎಂದು ಒಬ್ಬರು ನನ್ನೆದುರಿಗೇ ಹೇಳಿದ್ದುಂಟು. ಕ್ರಿಕೆಟ್ ಇದ್ದ ದಿನ ಸೋಫಾ ಬಿಟ್ಟು ಮೇಲೇಳದ ಅವರ ಗಂಡನ ಬಗ್ಗೆ ನಾನು ಯಾವತ್ತೂ ಹಾಗೆ ಅಂದವಳಲ್ಲ. ವಿಷಯ ಇಷ್ಟೇ: ನಾನು ಚಿಕ್ಕಂದಿನಿಂದ ಆಡುತ್ತಿದ್ದೇನೆ, ನಿಲ್ಲಿಸುವುದಕ್ಕೆ ಕಾರಣ ಸಿಕ್ಕಿಲ್ಲ.

ಚಿಕ್ಕಂದಿನಲ್ಲಿ ನಾವಿದ್ದದ್ದು ಬನಶಂಕರಿಯಲ್ಲಿ. ಅಪ್ಪಾಜಿ ಒಂದು ಸಂಜೆ ಎಸ್.ಪಿ. ರೋಡಿನಿಂದ ಒಂದು ಟಿ.ವಿ. ಗೇಮ್ ತಂದರು. ನಾನು ಅತ್ತು ಕರೆದು ಕೇಳಿದ್ದರಿಂದ ತಂದರು ಎಂದು ಮನೆಯಲ್ಲಿ ಇವತ್ತಿಗೂ ಕಥೆಯಿದೆ. ಆದರೆ ಪೆಟ್ಟಿಗೆ ಬಿಚ್ಚಿದ ಮೇಲೆ ಮೊದಲ ವಾರವೆಲ್ಲ ಆಡಿದವರು ಅಪ್ಪಾಜಿಯೇ. ಹಣೆ ತುಂಬ ವಿಭೂತಿ ಧರಿಸಿ, ಪೂಜೆ ಮುಗಿಸಿ ಬಂದು, ಕಾಲು ಮಡಚಿ ಕೂತು ಆಕಾಶದಿಂದ ಬೀಳುವ ಬಾಂಬುಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಎಡಕ್ಕೆ ಹಾರುವಾಗ ಅವರೂ ಎಡಕ್ಕೆ ವಾಲುತ್ತಿದ್ದರು. ನನ್ನ ಸರದಿ ಬಂದಾಗ ಮಾತ್ರ ಅವರಿಗೆ ಟಿ.ವಿ.ಯ ಪಿಕ್ಚರ್ ಟ್ಯೂಬ್ ಹಾಳಾಗುವ ಚಿಂತೆ ಶುರುವಾಗುತ್ತಿತ್ತು. ಜ್ವರ ಬಂದ ಮಗುವಿನ ಬೆನ್ನು ಮುಟ್ಟಿ ನೋಡುವ ಹಾಗೆ ಟಿ.ವಿ.ಯ ಬೆನ್ನು ಮುಟ್ಟಿ ನೋಡಿ, ಸಾಕು, ಬಿಸಿಯಾಗಿದೆ ಎನ್ನುತ್ತಿದ್ದರು.

ಆ ಗೇಮಿನ ಜೊತೆ ಹಳದಿ ಬಣ್ಣದ ಒಂದು ಕ್ಯಾಸೆಟ್ ಬಂದಿತ್ತು. ಅದರ ಮೇಲೆ ಸಾವಿರಾರು ಆಟಗಳಿವೆ ಎಂದು ಅಚ್ಚು ಹಾಕಿದ್ದರು. ಒಂದೊಂದಾಗಿ ಆಡಿ ನೋಡಿದರೆ ಇದ್ದದ್ದು ಬೆರಳೆಣಿಕೆಯಷ್ಟು. ಅವನ್ನೇ ಹೆಸರು ಬದಲಿಸಿ, ಅಂಗಿಯ ಬಣ್ಣ ಬದಲಿಸಿ ಮತ್ತೆ ಮತ್ತೆ ತುಂಬಿದ್ದರು. ಆಗ ನಮಗೆ ಅದು ಯಾರೋ ಬಡಪಾಯಿ ವ್ಯಾಪಾರಿಯ ಚಿಲ್ಲರೆ ಮೋಸದ ಹಾಗೆ ಕಂಡು ನಕ್ಕಿದ್ದೆವು. ಈಗ ದೊಡ್ಡ ದೊಡ್ಡ ಕಂಪನಿಗಳು ಪ್ರತಿ ವರ್ಷ ಅದನ್ನೇ ಮಾಡುತ್ತವೆ. ಹೋದ ವರ್ಷದ ಫುಟ್‌ಬಾಲ್ ಆಟಕ್ಕೆ ಹೊಸ ಅಂಗಿ ತೊಡಿಸಿ ಈ ವರ್ಷದ ಆಟವೆಂದು ಮಾರುತ್ತವೆ, ನಾವು ಸಾಲಿನಲ್ಲಿ ನಿಂತು ಕೊಳ್ಳುತ್ತೇವೆ.

ಅಭಿಪ್ರಾಯಗಳ ಬಾಗಿಲು ತೆರೆದ ಮೇಲೆ ಒಂದೆರಡು ಹೇಳಿಯೇ ಬಿಡುತ್ತೇನೆ, ನೀವು ಬೇಸರಪಡಬಾರದು. ನನ್ನ ಪ್ರಕಾರ ಈ ಲೋಕದಲ್ಲಿ ಕಂಡುಹಿಡಿದ ಅತ್ಯುತ್ತಮ ವಸ್ತು ಗೇಮನ್ನು ಇದ್ದಲ್ಲೇ ತಡೆದು ನಿಲ್ಲಿಸುವ ಪಾಜ್ ಬಟನ್. ಒತ್ತಿದರೆ ರಾಕ್ಷಸನ ಕತ್ತಿ ಗಾಳಿಯಲ್ಲೇ ನಿಲ್ಲುತ್ತದೆ. ಹೋಗಿ ಕುಕ್ಕರ್ ಆರಿಸಿ, ಗ್ಯಾಸಿನವನಿಗೆ ಬಾಗಿಲು ತೆಗೆದು ಬಂದರೂ ಆತ ಪಾಪ ಕತ್ತಿ ಎತ್ತಿಕೊಂಡೇ ಕಾಯುತ್ತಿರುತ್ತಾನೆ. ನನ್ನ ಗಂಡನೂ ಇಷ್ಟು ತಾಳ್ಮೆ ತೋರಿದ್ದಿಲ್ಲ. ಆದರೆ ಈಗಿನ ಆಟಗಳೆಲ್ಲ ಇಂಟರ್ನೆಟ್ಟಿನಲ್ಲಿ ಹತ್ತು ಜನರ ಜೊತೆ ಆಡುವಂಥವು. ಅವುಗಳಲ್ಲಿ ಪಾಜ್ ಇಲ್ಲ. ಅವನ್ನು ಮಾಡಿದವರ ಮನೆಗಳಲ್ಲಿ ಕುಕ್ಕರ್ ಕೂಗುವುದೇ ಇಲ್ಲವೆಂದು ಕಾಣುತ್ತದೆ. ಹಾಲು ಉಕ್ಕಿತೆಂದು ನಾನು ಎದ್ದು ಓಡಿದಾಗಲೆಲ್ಲ ನಮ್ಮ ತಂಡ ಸೋತಿದೆ. ಯಾವುದೋ ದೇಶದ ಹುಡುಗರು ನನ್ನನ್ನು ಅವರವರ ಭಾಷೆಗಳಲ್ಲಿ ಬೈದಿದ್ದಾರೆ. ಅರ್ಥವಾಗುವುದಿಲ್ಲವಾದ್ದರಿಂದ ಅಷ್ಟೇನೂ ನೋವಾಗಿಲ್ಲ.

ಇನ್ನೊಂದು, ಈ ಆಟಗಳು ತೆಗೆದುಕೊಳ್ಳುವ ಹಾಜರಿ. ದಿನಾ ಬಂದು ಮುಖ ತೋರಿಸಿದರೆ ಬಹುಮಾನ, ಒಂದು ದಿನ ತಪ್ಪಿಸಿದರೆ ಮೊದಲಿನಿಂದ ಲೆಕ್ಕ. ಆಫೀಸಿನಲ್ಲಿ ಬೆರಳಚ್ಚು ಒತ್ತಿ ಬಂದವಳು ಮನೆಯಲ್ಲೂ ಒತ್ತಬೇಕೆಂದರೆ ಅದು ಆಟ ಹೇಗಾದೀತು? ಆಟದೊಳಗಿನ ಯೋಧನ ಟೋಪಿಗೂ ಬೇರೆಯಾಗಿ ಕಾಸು ಕೇಳುವುದರ ಬಗ್ಗೆ, ಯುದ್ಧಕ್ಕೆ ಹೊರಟ ಹೆಣ್ಣು ಯೋಧರಿಗೆ ಮೈತುಂಬ ಬಟ್ಟೆ ಕೊಡದಿರುವುದರ ಬಗ್ಗೆ, ಭಾನುವಾರ ಆಡೋಣವೆಂದು ಕೂತರೆ ಅರ್ಧ ದಿನ ಅಪ್‌ಡೇಟ್ ಇಳಿಯುವುದರ ಬಗ್ಗೆ ನನಗಿರುವ ಕೋಪವನ್ನು ಇಲ್ಲಿ ನುಂಗಿಕೊಳ್ಳುತ್ತೇನೆ.

ಹಾಗೆಂದು ಗೇಮ್ ಮಾಡುವವರೆಲ್ಲ ನನ್ನ ವೈರಿಗಳೇನಲ್ಲ. ಮಾಡುವವರು ಬೇರೆ, ಮಾರುವವರು ಬೇರೆ ಎಂಬುದನ್ನು ನನಗೆ ತಿಳಿಸಿದವಳು ನಮ್ಮ ಕಟ್ಟಡದ ಮೂರನೇ ಮಹಡಿಯ ಒಂಟಿ ರೂಮಿನಲ್ಲಿದ್ದ ನಿತ್ಯಾ. ಬಿ.ಟಿ.ಎಂ. ಲೇಔಟಿನ ಒಂದು ಸ್ಟುಡಿಯೊದಲ್ಲಿ ಅವಳಿಗೆ ಕೆಲಸ. ಹೊರದೇಶದ ದೊಡ್ಡ ಗೇಮುಗಳ ಚಿಲ್ಲರೆ ಚಿತ್ರಗಳನ್ನು ಅಲ್ಲಿ ಬರೆಯುತ್ತಾರೆ. ಯಾರೋ ಕಲ್ಲು, ಯಾರೋ ಪೊದೆ. ಇವಳ ಪಾಲಿಗೆ ಬಂದದ್ದು ತುಕ್ಕು. ವರ್ಷಗಟ್ಟಲೆ ಹುಡುಗಿ ಬರೀ ತುಕ್ಕು ಬರೆದಳು. ಗೇಟಿನ ತುಕ್ಕು, ಡಬ್ಬದ ತುಕ್ಕು, ಮಳೆಯಲ್ಲಿ ನೆಂದ ಕೊಳಾಯಿಯ ತುಕ್ಕು. ಮಡಿವಾಳದ ಗುಜರಿ ಅಂಗಡಿಗಳ ಮುಂದೆ ನಿಂತು ಫೋಟೊ ತೆಗೆಯುತ್ತಿದ್ದಳಂತೆ. ಅಂಗಡಿಯವರು ಕಾರ್ಪೊರೇಷನ್ನಿನವಳೆಂದು ಹೆದರಿ ಟೀ ತರಿಸಿಕೊಡುತ್ತಿದ್ದರಂತೆ. ಅಂಥ ಒಂದು ಗೇಮ್ ಬಿಡುಗಡೆಯಾಗಿ ಹೆಸರು ಮಾಡಿದ ವಾರವೇ ಅವಳ ತಂಡದ ಅರ್ಧ ಜನರನ್ನು ಮನೆಗೆ ಕಳಿಸಿದರು. ಅವಳು ಉಳಿದುಕೊಂಡಳು. ಉಳಿದದ್ದಕ್ಕೆ ಸಂತೋಷಪಡಬೇಕೋ ಬೇಡವೋ ಗೊತ್ತಾಗದೆ ನಮ್ಮ ಮನೆಗೆ ಬಂದು ಉಪ್ಪಿಟ್ಟು ತಿಂದು ಹೋದಳು.

ನಮ್ಮ ಕಟ್ಟಡ ಎಂದೆನಲ್ಲ, ಅದು ನಮ್ಮದಲ್ಲ. ಜೆ.ಪಿ. ನಗರದ ತುದಿಯಲ್ಲಿ, ವಸಂತಪುರದ ಕಡೆಗೆ ಹೋಗುವ ದಾರಿಯಲ್ಲಿ, ಒಂದು ಕಾಲದ ಹಳ್ಳಿಯನ್ನು ನಗರ ಸುತ್ತುವರಿದಿರುವ ಜಾಗದಲ್ಲಿದೆ. ಒಡತಿ ಪಿಳ್ಳಮ್ಮನವರು. ವಯಸ್ಸು ಎಪ್ಪತ್ತರ ಹತ್ತಿರ. ಈಗ ಕಟ್ಟಡಗಳಿರುವ ಕಡೆ ಅವರು ರಾಗಿ ಬಿತ್ತಿದ್ದರು, ಹುರುಳಿ ಬಡಿದಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು; ಕೆಳಗಿನ ಮನೆಯಲ್ಲಿ ಮಗ ಮಂಜುನಾಥನ ಸಂಸಾರದ ಜೊತೆ ಇದ್ದರು. ಮಂಜುನಾಥನಿಗೆ ಸಿಮೆಂಟು, ಕಬ್ಬಿಣದ ಅಂಗಡಿ. ಬಾಡಿಗೆದಾರರ ವ್ಯವಹಾರವೆಲ್ಲ ಪಿಳ್ಳಮ್ಮನವರದೇ. ನೀರಿನ ಮೋಟಾರು, ಪಾರ್ಕಿಂಗು, ಯಾರ ಮನೆಗೆ ಯಾರು ಬಂದರು, ಎಲ್ಲದರ ಮೇಲೂ ಒಂದು ಕಣ್ಣು.

ಒಂದು ಭಾನುವಾರ ಮಧ್ಯಾಹ್ನ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಂದು ಯುದ್ಧದಲ್ಲಿ ಮುಳುಗಿದ್ದೆ. ಹೆಡ್‌ಫೋನ್ ಹಾಕಿದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಪಿಳ್ಳಮ್ಮನವರು, ಕೈಯಲ್ಲಿ ಹಿತಕಿದ ಅವರೆಬೇಳೆಯ ಬಟ್ಟಲು. ಬಟ್ಟಲು ನೆಪವೆಂದು ನೋಡಿದ ಕೂಡಲೇ ತಿಳಿಯಿತು. ಅವರ ಕಣ್ಣು ಅಡಿಗೆಮನೆ, ರೂಮು, ಮಂಚದ ಕೆಳಗೆ ಎಲ್ಲ ಕಡೆ ಹರಿದಾಡಿತು.

"ಯಾರನ್ನವ್ವಾ ಹೊಡಿ ಹೊಡಿ ಅಂತಿದ್ದೆ? ನಿನ್ನ ಗಂಡ ನೋಡಿದ್ರೆ ಕೆಳಗೆ ಸ್ಕೂಟ್ರು ಒರೆಸ್ತಾವ್ನೆ," ಎಂದರು.

ಟಿ.ವಿ. ತೋರಿಸಿದೆ. ಅವರು ಬಟ್ಟಲನ್ನು ಟೀಪಾಯಿಯ ಮೇಲಿಟ್ಟು ಕೂತರು. ಬಹಳ ಹೊತ್ತು ನೋಡಿದರು. ಇವರಿಗೆಲ್ಲ ಏನು ದ್ವೇಷ ಎಂದು ವಿಚಾರಿಸಿದರು. ನನಗೂ ಗೊತ್ತಿರಲಿಲ್ಲ. ಕತೆಯ ಭಾಗ ಬಂದಾಗಲೆಲ್ಲ ನಾನು ಒತ್ತಿ ಮುಂದಕ್ಕೆ ಓಡಿಸಿದ್ದೆ.

ಮುಂದಿನ ಭಾನುವಾರವೂ ಬಂದರು. ಈ ಸಲ ಬಟ್ಟಲಿರಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ರೈತರ ಮನೆಯ ಹಿರಿಯ ಜೀವ, ಹೊಲ ಗದ್ದೆ ಕಳೆದುಕೊಂಡವರು. ಇವರಿಗೆ ತೋಟ ಮಾಡುವ ಆಟ ಹಾಕಿಕೊಟ್ಟರೆ ಎಷ್ಟು ಸಂತೋಷಪಟ್ಟಾರು ಎಂದು ನನ್ನ ಮನಸ್ಸು ಕರಗಿ ಹೋಯಿತು. ಅಂಥದೊಂದನ್ನು ಹಾಕಿ, ನೆಲ ಅಗೆದು, ಬೀಜ ಬಿತ್ತಿ, ನೀರು ಹನಿಸಿ ತೋರಿಸಿದೆ. ಮುದ್ದಾದ ಸಂಗೀತ ಬೇರೆ. ಪಿಳ್ಳಮ್ಮನವರು ನನ್ನ ಮುಖ ನೋಡಿದರು.

"ಇದೇ ಮಾಡಿ ಮಾಡಿ ನನ್ನ ಸೊಂಟ ಬಿದ್ದೋಯ್ತು. ಆಟ ಅಂತ ಕೂತ್ರೂ ಇದೇನಾ? ಬೇರೆ ಏನಾದ್ರೂ ಐತಾ ನೋಡು."

ಬೇರೆ ಏನಿದೆಯೆಂದು ಒಂದೊಂದೇ ಚಿತ್ರ ದಾಟಿಸುತ್ತಾ ಹೋದೆ. ಕತ್ತಿಯವನು, ಬಂದೂಕಿನವನು, ದೆವ್ವದ ಮನೆ. ಒಂದು ಕಡೆ ಕೆಂಪು ಲಾರಿಯ ಚಿತ್ರ ಬಂದಿತು. ಅದನ್ನು ತೆಗಿ ಎಂದರು.

ಅದು ಸರಕು ಸಾಗಿಸುವ ಆಟ. ಹೊಡೆದಾಟವಿಲ್ಲ. ಕಲ್ಪನೆಯ ಒಂದು ದೊಡ್ಡ ದೇಶ. ಅದರ ಒಂದೂರಿನ ಗೋಡೌನಿನಲ್ಲಿ ಲೋಡು ಹಾಕಿಸಿಕೊಂಡು ಇನ್ನೊಂದೂರಿಗೆ ಮುಟ್ಟಿಸಬೇಕು. ರಸ್ತೆಯಲ್ಲಿ ಬರುವ ಬೇರೆ ಲಾರಿಗಳನ್ನು ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೂತ ಆಟಗಾರರು ಓಡಿಸುತ್ತಿರುತ್ತಾರೆ. ಬೇಸರ ಬಂದಾಗ ಆಡೋಣವೆಂದು ಕೊಂಡು, ಆಟದಲ್ಲೇ ಬೇಸರ ಬಂದು ಬಿಟ್ಟಿದ್ದೆ. ಪಿಳ್ಳಮ್ಮನವರ ಕೈಗೆ ರಿಮೋಟು ಕೊಟ್ಟು, ಇದು ಆಕ್ಸಿಲರೇಟರು, ಇದು ಬ್ರೇಕು, ಇದು ಸ್ಟಿಯರಿಂಗು ಎಂದು ತೋರಿಸಿದೆ. ಲಾರಿ ನೇರವಾಗಿ ಹೋಗಿ ಗೋಡೌನಿನ ಗೋಡೆಗೆ ಗುದ್ದಿತು. ಅವರು ನಾಲಿಗೆ ಕಚ್ಚಿಕೊಂಡು ಸುತ್ತ ನೋಡಿದರು, ಯಾರಾದರೂ ಬೈಯುತ್ತಾರೇನೋ ಎಂಬಂತೆ. ಯಾರೂ ಬೈಯಲಿಲ್ಲ. ಇನ್ನೊಮ್ಮೆ ಹೊರಡಿಸಿದರು.

ಅವತ್ತು ಅವರು ಒಂದು ಹಳೆಯ ಮಾತು ಹೇಳಿದರು. ಮನೆಗೆ ಮೊದಲು ಟ್ರ್ಯಾಕ್ಟರು ಬಂದಾಗ ಅವರು ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಗಂಡಸರೆಲ್ಲ ಸರದಿಯ ಮೇಲೆ ಓಡಿಸಿದರಂತೆ. ನಾನೂ ಒಂದು ಸುತ್ತು ಓಡಿಸಲಾ ಎಂದು ಇವರು ಕೇಳಿದ್ದಕ್ಕೆ ಮಾವನವರು ಬಿದ್ದು ಬಿದ್ದು ನಕ್ಕು, ಅದನ್ನು ಹೋಗಿ ಬರುವವರಿಗೆಲ್ಲ ಹೇಳಿ ನಗಿಸಿದರಂತೆ. ಆಮೇಲೆ ಮನೆಗೆ ಬೈಕು ಬಂತು, ಕಾರು ಬಂತು, ಮಂಜುನಾಥನ ಅಂಗಡಿಗೆ ಲಾರಿಯೇ ಬಂತು. ಇವರು ಹಿಂದಿನ ಸೀಟಿನಲ್ಲಿ ಹೂವು ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬೇಗೂರಿನ ದೇವಸ್ಥಾನಕ್ಕೆ ಹೋಗಿ ಬರುತ್ತಿದ್ದರು. ಇನ್ನೊಮ್ಮೆ ಕೇಳಲಿಲ್ಲ. ಇದನ್ನು ಹೇಳುವಾಗ ಅವರ ದನಿಯಲ್ಲಿ ದುಃಖವೇನೂ ಇರಲಿಲ್ಲ. ಗಮನವೆಲ್ಲ ಮುಂದಿನ ತಿರುವಿನ ಮೇಲಿತ್ತು.

ಅವರಂಥ ಡ್ರೈವರನ್ನು ಆ ಗೇಮ್ ಮಾಡಿದವರು ಊಹಿಸಿರಲಾರರು. ನಿಧಾನವೆಂದರೆ ನಿಧಾನ. ಕೆಂಪು ದೀಪ ಕಂಡರೆ, ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ, ನಿಲ್ಲುತ್ತಿದ್ದರು. ಜಿಂಕೆ ಅಡ್ಡ ಬಂದರೆ ಲಾರಿ ನಿಲ್ಲಿಸಿ ಅದರ ಹಿಂದೆ ಇನ್ನೊಂದು ಇರುತ್ತದೆಂದು ಕಾಯುತ್ತಿದ್ದರು. ಊಟದ ಹೋಟೆಲು ಬಂದಾಗಲೆಲ್ಲ ಪಕ್ಕಕ್ಕೆ ಹಾಕಿ, ಡ್ರೈವರ್ ಊಟ ಮಾಡಲಿ ಪಾಪ ಎಂದು ಎಂಜಿನ್ ಆರಿಸುತ್ತಿದ್ದರು. ಆ ಹೊತ್ತಿನಲ್ಲಿ ನಾವಿಬ್ಬರೂ ಕಾಫಿ ಕುಡಿಯುತ್ತಿದ್ದೆವು. ಹೀಗಾಗಿ ಯಾವ ಲೋಡೂ ಹೊತ್ತಿಗೆ ಸರಿಯಾಗಿ ಮುಟ್ಟಿದ್ದಿಲ್ಲ. ತಡವಾಗಿದೆ ಎಂದು ಗೇಮ್ ಕೆಂಪಕ್ಷರದಲ್ಲಿ ಗದರಿಸಿದರೆ, ಏನು ಬರೆದವ್ನೆ ಎಂದು ನನ್ನನ್ನು ಕೇಳುತ್ತಿದ್ದರು. ಚೆನ್ನಾಗಿ ಓಡಿಸಿದಿರಿ ಅಂತ ಬರೆದಿದ್ದಾನೆ ಅನ್ನುತ್ತಿದ್ದೆ. ಇಂಗ್ಲಿಷ್ ಓದಲು ಬಾರದಿದ್ದರೂ ಕೆಂಪಕ್ಷರದ ಅರ್ಥ ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದು ನನಗೆ ಈಗ ಅನ್ನಿಸುತ್ತದೆ.

ಅವರ ದೂರು ಒಂದೇ. "ಇಷ್ಟು ದೊಡ್ಡ ಊರು ಕಟ್ಟವ್ರೆ. ಒಂದು ಮನೆ ಬಾಗ್ಲಾದ್ರೂ ತೆಗೆಯಲ್ವಲ್ಲವ್ವ." ಗೇಮುಗಳ ಬಗ್ಗೆ ನಾನು ಓದಿರುವ ಉದ್ದುದ್ದ ವಿಮರ್ಶೆಗಳಲ್ಲೂ ಇಷ್ಟು ನೇರವಾದ ಮಾತು ಕಡಿಮೆ.

ಆ ರಸ್ತೆಗಳಲ್ಲಿ ನಮಗೊಬ್ಬ ಪರಿಚಯದವನೂ ಆದ. ನೀಲಿ ಲಾರಿ. ಉಳಿದವರೆಲ್ಲ ಹಾರ್ನ್ ಬಾರಿಸುತ್ತಾ ನಮ್ಮನ್ನು ದಾಟಿ ಹೋಗುತ್ತಿದ್ದರೆ ಆತ ಮಾತ್ರ ಒಂದು ದಿನ ನಮ್ಮ ಹಿಂದೆಯೇ ಉಳಿದು, ಘಟ್ಟ ಇಳಿಯುವತನಕ ಜೊತೆಗೆ ಬಂದ. ಆಮೇಲೆ ಭಾನುವಾರಗಳಲ್ಲಿ ಎಲ್ಲಾದರೂ ಸಿಗುತ್ತಿದ್ದ. ಬರೆದು ಮಾತಾಡುವ ಅವಕಾಶ ಆ ಗೇಮಿನಲ್ಲಿತ್ತು. ಆತ ಇಂಗ್ಲಿಷಿನಲ್ಲಿ ನಮಸ್ಕಾರ ಬರೆದರೆ ನಾನು ನಮಸ್ಕಾರ ಬರೆಯುತ್ತಿದ್ದೆ. ಪಿಳ್ಳಮ್ಮನವರು, ಊಟ ಆಯ್ತಾ ಕೇಳು ಎನ್ನುತ್ತಿದ್ದರು. ಕೇಳಿದರೆ ಆಗಿದೆಯೆಂದೋ ಇನ್ನೂ ಇಲ್ಲವೆಂದೋ ಉತ್ತರ ಬರುತ್ತಿತ್ತು. ಸ್ನೇಹ ಅಲ್ಲಿಗೆ ನಿಂತಿತ್ತು, ಅದಕ್ಕಿಂತ ಹೆಚ್ಚು ಯಾರಿಗೂ ಬೇಕಿದ್ದಂತೆ ಕಾಣಲಿಲ್ಲ.

ಹೀಗಿರುವಾಗ ಒಂದು ದಿನ ಗೇಮ್ ತೆರೆದ ಕೂಡಲೇ ಪರದೆಯ ಮೇಲೆ ಒಂದು ಪ್ರಕಟಣೆ. ಇಷ್ಟು ವರ್ಷ ನಮ್ಮ ಜೊತೆಗಿದ್ದುದಕ್ಕೆ ಧನ್ಯವಾದ, ಮುಂದಿನ ತಿಂಗಳ ಕೊನೆಯ ಭಾನುವಾರ ಸರ್ವರ್‌ಗಳನ್ನು ನಿಲ್ಲಿಸುತ್ತಿದ್ದೇವೆ, ಆಮೇಲೆ ಈ ಆಟ ತೆರೆಯುವುದಿಲ್ಲ, ಹೊಸ ಲಾರಿ ಗೇಮ್ ಬರಲಿದೆ, ಅದನ್ನೂ ಇಷ್ಟೇ ಪ್ರೀತಿಯಿಂದ ಸ್ವಾಗತಿಸಿ. ನನಗೆ ಮೈಯೆಲ್ಲ ಉರಿಯಿತು. ಕಾಸು ಕೊಟ್ಟು ಕೊಂಡ ವಸ್ತುವನ್ನು ಕೊಟ್ಟವನೇ ಬಂದು ಕಿತ್ತುಕೊಂಡು ಹೋಗುವುದೆಂದರೇನು? ನಮ್ಮ ಹಳದಿ ಕ್ಯಾಸೆಟ್ಟಿನವನು ಸುಳ್ಳು ಹೇಳಿದ್ದ, ನಿಜ, ಆದರೆ ಬಂದು ಕ್ಯಾಸೆಟ್ ವಾಪಸು ಕೇಳಿರಲಿಲ್ಲ. ಕಂಪನಿಗೆ ಬಿಸಿಬಿಸಿಯಾಗಿ ಮೇಲ್ ಬರೆದೆ. ಒಂದು ಯಂತ್ರ ಬಹಳ ವಿನಯದಿಂದ ಉತ್ತರ ಬರೆಯಿತು. ನಿತ್ಯಾಳನ್ನು ಹಿಡಿದು ಕೇಳಿದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅದನ್ನು ಮಾಡಿದವರು ಈ ಹೊತ್ತಿಗೆ ಅಲ್ಲಿ ಕೆಲಸದಲ್ಲೇ ಇರಲಿಕ್ಕಿಲ್ಲ ಅಕ್ಕ, ಬೇಡ ಅನ್ನೋಕೆ ಯಾರು ಉಳಿದಿರ್ತಾರೆ ಎಂದಳು.

ಪಿಳ್ಳಮ್ಮನವರಿಗೆ ಹೇಳುವುದು ಹೇಗೆಂದು ಎರಡು ಮೂರು ದಿನ ಒದ್ದಾಡಿದೆ. ಕೊನೆಗೆ ಅವರು ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕೂತು ಹೇಳಿದೆ. ಎಲ್ಲ ಊರುಗಳೂ ಹೋಗುತ್ತವಾ ಎಂದು ಕೇಳಿದರು. ಹೌದೆಂದೆ. ರಸ್ತೆ, ಘಟ್ಟ, ಸಮುದ್ರ? ಎಲ್ಲವೂ ಎಂದೆ. ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿಕೊಂಡರು.

"ಇವ್ರಾದ್ರೂ ಮೊದ್ಲೇ ಹೇಳವ್ರೆ," ಎಂದರು. "ನಮ್ಮೂರ ಕೆರೆ ಮುಚ್ಚಿದಾಗ ಯಾರೂ ಹೇಳಿರ್ನಿಲ್ಲ. ಬೆಳಿಗ್ಗೆ ಬಟ್ಟೆ ಒಗೆಯೋಕೆ ಹೋದ್ರೆ ಮಣ್ಣಿನ ಲಾರಿ ನಿಂತಿದ್ವು."

ದಂಟನ್ನೂ ಸೊಪ್ಪನ್ನೂ ಬೇರೆ ಬೇರೆ ಮಾಡಿ, ಈ ಗೇಮಿನವರು ಯಾಕೆ ಮುಚ್ಚುತ್ತಾರೆ ಎಂದಷ್ಟೇ ಕೇಳಿದರು. ಹೊಸದನ್ನು ಮಾರಬೇಕಲ್ಲ ಎಂದೆ. ಕೆರೇದೂ ಹಂಗೇ ಬುಡು ಎಂದು ಎದ್ದು ಒಳಗೆ ಹೋದರು.

ಕೊನೆಯ ಭಾನುವಾರ ಬಂತು. ಆಟ ನಿಲ್ಲುವುದು ನಮ್ಮ ಕಡೆಯ ಮಧ್ಯಾಹ್ನದ ಹೊತ್ತಿಗೆ. ಪಿಳ್ಳಮ್ಮನವರು ತಲೆ ಬಾಚಿ, ಮಲ್ಲಿಗೆ ಮುಡಿದು, ಯಾರದೋ ಮನೆಯ ಕಾರ್ಯಕ್ಕೆ ಹೊರಟವರ ಹಾಗೆ ಬಂದು ಕೂತರು. ಆಟಗಾರರೆಲ್ಲ ಸಮುದ್ರದ ದಂಡೆಯಲ್ಲಿ ಸೇರೋಣವೆಂದು ಮಾತಾಡಿಕೊಂಡಿದ್ದರು. ರಸ್ತೆಯ ತುಂಬ ಲಾರಿಗಳು, ಒಂದರ ಹಿಂದೊಂದು, ಎಲ್ಲವೂ ಸಮುದ್ರದ ಕಡೆಗೆ. ಅಷ್ಟು ದಿನ ಬಿಕೋ ಎನ್ನುತ್ತಿದ್ದ ಆ ದೇಶ ಅವತ್ತು ಸಂಜೆಯ ಟ್ರಾಫಿಕ್ಕಿನ ಮಡಿವಾಳದ ಹಾಗಿತ್ತು. ನಾವೂ ಅತ್ತ ಹೋಗೋಣವೆಂದೆ. ಪಿಳ್ಳಮ್ಮನವರು ಲಾರಿಯನ್ನು ಎದುರು ದಿಕ್ಕಿಗೆ ತಿರುಗಿಸಿದರು. ಹಿಂದಿನ ವಾರ ನಾವು ಹಿಟ್ಟಿನ ಮೂಟೆಗಳ ಲೋಡು ಹಾಕಿಸಿಕೊಂಡಿದ್ದೆವು, ಬೆಟ್ಟದ ಮೇಲಿನ ಒಂದೂರಿಗೆ.

"ಅಮ್ಮ, ಇನ್ನು ಸ್ವಲ್ಪ ಹೊತ್ತಿಗೆ ಆ ಊರೇ ಇರಲ್ಲ," ಎಂದೆ.

"ಇರೋಗಂಟ ಐತಲ್ಲ. ಒಪ್ಕೊಂಡ್ ಮೇಲೆ ಮುಟ್ಟಿಸ್ಬೇಕು."

ಹಾಗಾಗಿ ಲೋಕವೆಲ್ಲ ಸಮುದ್ರದತ್ತ ಹೋಗುವಾಗ ನಾವು ಬೆಟ್ಟದತ್ತ ಹೋದೆವು. ಎದುರಿನಿಂದ ಬರುವವರೆಲ್ಲ ದೀಪ ಮಿನುಗಿಸಿ, ದಾರಿ ತಪ್ಪಿದ್ದೀರಿ ಎಂದು ಬರೆದರು. ಅವರ ನಡುವೆ ನೀಲಿ ಲಾರಿಯೂ ಬಂತು. ದಾಟಿ ಹೋಯಿತು ಎಂದುಕೊಂಡೆ. ಆಮೇಲೆ ನೋಡಿದರೆ ಕನ್ನಡಿಯಲ್ಲಿ ಅದು ಹಿಂದೆ ಬರುತ್ತಿತ್ತು. ಎಲ್ಲಿಗೆ ಎಂದು ಕೇಳಿತು. ಹಿಟ್ಟು ಕೊಡಲು ಎಂದು ಬರೆದೆ. ಸರಿ ಎಂದು ಉತ್ತರ ಬಂತು.

ಬೆಟ್ಟದ ಮೇಲೆ ಹಿಮ. ಮೊದಲ ಸಲ ಪಿಳ್ಳಮ್ಮನವರು ಊಟದ ಹೋಟೆಲಿನ ಮುಂದೆ ನಿಲ್ಲಿಸಲಿಲ್ಲ. ನಾನು ಕೂತಲ್ಲೇ ಮುಂದಕ್ಕೆ ಜರುಗಿ ಗಡಿಯಾರ ನೋಡುತ್ತಿದ್ದೆ. ಎಷ್ಟೋ ರಾಕ್ಷಸರ ಎದುರು ಹೀಗೆ ಕೂತಿರಲಿಲ್ಲ. ಗೋಡೌನಿನ ಗೇಟು ಕಂಡಾಗ ಇನ್ನೇನು ಕೆಲವೇ ನಿಮಿಷ ಉಳಿದಿತ್ತು. ಲಾರಿ ಒಳಗೆ ಹೋಯಿತು, ಮೂಟೆಗಳು ಇಳಿದವು, ತಡವಾಗಿದೆ ಎಂದು ಕೆಂಪಕ್ಷರ ಬಂತು. ಪಿಳ್ಳಮ್ಮನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಲಾರಿಯನ್ನು ಗೋಡೆಯ ಪಕ್ಕಕ್ಕೆ, ಯಾರಿಗೂ ಅಡ್ಡವಾಗದ ಹಾಗೆ ನಿಲ್ಲಿಸಿದರು. ನೀಲಿ ಲಾರಿ ಬಂದು ಪಕ್ಕದಲ್ಲಿ ನಿಂತಿತು. ಅವನಿಗೆ ದೊಡ್ಡ ಉಪಕಾರವಾಯ್ತು ಅಂತ ಹೇಳು, ಅವನು ಯಾರು, ಏನು ಕೆಲಸ ಕೇಳು ಎಂದರು.

ನಾನು ಬರೆದೆ. ನನ್ನ ಪಕ್ಕದಲ್ಲಿ ಕೂತು ಲಾರಿ ಓಡಿಸುವವರು ಒಬ್ಬ ಹಿರಿಯ ಹೆಂಗಸು, ನಿಮ್ಮ ಬಗ್ಗೆ ಕೇಳುತ್ತಿದ್ದಾರೆ ಎಂದೂ ಸೇರಿಸಿದೆ. ಉತ್ತರ ಬೇಗ ಬೇಗ, ತಪ್ಪು ಅಕ್ಷರಗಳೊಂದಿಗೆ ಬಂತು. ನಾನೂ ಅಜ್ಜಿಯೇ. ಮೊಮ್ಮಗ ಈ ಆಟ ಹಾಕಿಕೊಟ್ಟ. ಕೆಲಸದಲ್ಲಿದ್ದಷ್ಟು ಕಾಲ ನಮ್ಮೂರಿನಲ್ಲಿ ಬಸ್ ಓಡಿಸಿದೆ, ಈಗ ನಿವೃತ್ತಿ. ನಿಮ್ಮ ಗೆಳತಿ ಒಳ್ಳೆಯ ಡ್ರೈವರ್, ಎಲ್ಲೂ ಅವಸರ ಮಾಡುವುದಿಲ್ಲ.

ನಾನು ಓದಿ ಹೇಳಿದೆ. ಪಿಳ್ಳಮ್ಮನವರು ಪರದೆಯ ಹತ್ತಿರಕ್ಕೆ ಬಾಗಿದರು.

"ಹೆಂಗ್ಸಾ? ನಿಜವಾದ ಬಸ್ಸಾ?"

"ನಿಜವಾದ ಬಸ್ಸೇ ಅಮ್ಮ."

ಉತ್ತರವಾಗಿ ಏನು ಬರೆಯಬೇಕೆಂದು ಅವರು ಹೇಳುವ ಮೊದಲೇ ಪರದೆ ಬೂದು ಬಣ್ಣಕ್ಕೆ ತಿರುಗಿ, ಸಂಪರ್ಕ ಕಡಿದಿದೆ ಎಂದು ತೋರಿಸಿತು. ಮತ್ತೆ ಒತ್ತಿ ನೋಡಿದೆ. ಇಲ್ಲ. ಆ ಹೆಂಗಸಿನ ಊರಾವುದು, ಹೆಸರೇನು, ಒಂದನ್ನೂ ಕೇಳಿರಲಿಲ್ಲ. ನನಗೆ ಅಳು ಬಂದಂತಾಯಿತು. ಪಿಳ್ಳಮ್ಮನವರು ಅಳಲಿಲ್ಲ. ಬಸ್ಸು ಅಂದರೆ ಎಷ್ಟು ಉದ್ದವಿರುತ್ತದೆ, ಅದನ್ನು ತಿರುವಿನಲ್ಲಿ ಹೇಗೆ ತಿರುಗಿಸುತ್ತಾರೆ ಎಂದು ನನ್ನನ್ನೇ ಕೇಳುತ್ತಾ ಮೆಟ್ಟಿಲಿಳಿದು ಹೋದರು.

ಆಮೇಲಿನ ವಾರ ಅವರು ಮೇಲೆ ಬರಲಿಲ್ಲ. ಬೇರೆ ಗೇಮ್ ಹಾಕಿಕೊಡುತ್ತೇನೆಂದು ನಾನೇ ಹೋಗಿ ಕರೆದೆ, ಬೇಡ ಎಂದರು. ಅದರ ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದರು. ಕೈಯಲ್ಲಿ ಒಂದು ಕಾರಿನ ಕೀ ಇತ್ತು. ಮಂಜುನಾಥ ಹೊಸ ಕಾರು ಕೊಂಡ ಮೇಲೆ ಅವನ ಹಳೆಯ ಸಣ್ಣ ಕಾರು ಕೆಳಗೆ ಧೂಳು ತಿನ್ನುತ್ತಾ ನಿಂತಿತ್ತು.

"ನಡಿಯವ್ವಾ, ಹೇಳ್ಕೊಡು," ಎಂದರು.

ಲೈಸೆನ್ಸು, ವಯಸ್ಸು, ಕಣ್ಣು ಎಂದೆಲ್ಲ ಹೇಳಿ ನೋಡಿದೆ. ರೋಡಿಗೆ ಯಾರು ತರುತ್ತಾರೆ, ವಸಂತಪುರದ ಸೈಟಿಲ್ಲವಾ ಎಂದರು. ಅಲ್ಲಿ ಅವರ ಹಳೆಯ ಜಮೀನಿನ ಒಂದು ದೊಡ್ಡ ತುಂಡು ಮಾರಾಟವಾಗದೆ ಉಳಿದಿತ್ತು. ಸುತ್ತ ಕಾಂಪೌಂಡು, ಕಬ್ಬಿಣದ ಗೇಟು, ಒಳಗೆ ಬರೀ ಹುಲ್ಲು. ಅಷ್ಟರಲ್ಲಿ ಮಂಜುನಾಥ ಹಲ್ಲುಜ್ಜುತ್ತಾ ಹೊರಗೆ ಬಂದ. ವಿಷಯ ತಿಳಿದು ಬಾಯಲ್ಲಿದ್ದ ನೊರೆ ಉಗಿದು, ಅಮ್ಮನಿಗೆ ತಲೆ ಕೆಟ್ಟಿದೆ, ನೀವಾದರೂ ಬುದ್ಧಿ ಹೇಳಬಾರದೇ ಅಕ್ಕ ಎಂದ. ಪಿಳ್ಳಮ್ಮನವರು ಮಗನನ್ನು ನೋಡಿದ ನೋಟದಲ್ಲಿ ಮಾವನವರ ಆ ನಗುವಿಗೆ ಇಷ್ಟು ವರ್ಷ ಬಾಕಿಯಿದ್ದ ಉತ್ತರವೆಲ್ಲ ಇತ್ತೆಂದು ನನಗೆ ಅನ್ನಿಸಿತು. ಅವನು ಒಳಗೆ ಹೋಗಿ ಬಾಯಿ ತೊಳೆದು, ತನ್ನ ಹೊಸ ಕಾರಿನಲ್ಲಿ ನಮ್ಮ ಹಿಂದೆಯೇ ಬಂದ.

ಸೈಟಿನವರೆಗೆ ನಾನು ಓಡಿಸಿದೆ. ಗೇಟು ಹಾಕಿಸಿ, ಸೀಟು ಬದಲಿಸಿದೆವು. ನಿಜವಾದ ಕ್ಲಚ್ಚು ರಿಮೋಟಿನ ಬಟನ್ನಿನಂತಲ್ಲ. ಕಾರು ಕುಪ್ಪಳಿಸಿ ನಿಂತಿತು. ಮತ್ತೆ ಹೊರಡಿಸಿದರು, ಮತ್ತೆ ನಿಂತಿತು. ಮಂಜುನಾಥ ಗೇಟಿನ ಬಳಿ ಕೈ ಕಟ್ಟಿ ನಿಂತು ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ನಾನು ಹ್ಯಾಂಡ್ ಬ್ರೇಕನ್ನು ಅಪ್ಪಿ ಹಿಡಿದು ಕೂತಿದ್ದೆ. ಪಿಳ್ಳಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಚ್ಚಿ ಹಿಂದಿನ ಸೀಟಿಗೆ ಹಾಕಿದರು. ಈ ಸಲ ಕಾಲನ್ನು ಬಹಳ ನಿಧಾನವಾಗಿ ಎತ್ತಿದರು. ಕಾರು ಒಮ್ಮೆ ನಡುಗಿ, ಹೊರಟಿತು.

ಫಸ್ಟ್ ಗೇರಿನಲ್ಲೇ, ಎತ್ತಿನ ಗಾಡಿಗಿಂತ ತುಸು ಬೇಗ, ಹುಲ್ಲಿನ ಮೇಲೆ ಕಾಂಪೌಂಡಿನ ಉದ್ದಕ್ಕೂ ಹೋದೆವು. ಮೂಲೆ ಬಂತು, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಎಳೆದು ತಿರುಗಿಸಿದರು. ಒಂದು ಸುತ್ತಾಯಿತು. ಹುಲ್ಲಿನಲ್ಲಿ ಮಲಗಿದ್ದ ನಾಯಿಯೊಂದು ಎದ್ದು ಮೈ ಮುರಿದು ದಾರಿ ಬಿಡುವತನಕ ಕಾದು, ಇನ್ನೊಂದು ಸುತ್ತು ಹೋದರು. ಬಿಸಿಲು ಏರಿದಾಗ ಗೇಟಿನೆದುರು ನಿಲ್ಲಿಸಿ, ಕೀ ತಿರುಗಿಸಿ, ಎಂಜಿನ್ನು ಪೂರಾ ಸುಮ್ಮನಾಗುವವರೆಗೆ ಕೂತಿದ್ದರು. ಹಣೆಯ ಬೆವರು ಒರೆಸಿಕೊಂಡರು.

"ನಾಳೆ ರಿವರ್ಸ್ ಹೇಳ್ಕೊಡು," ಎಂದರು.

ಗೇಟಿನ ಬಳಿ ನಿಂತಿದ್ದ ಮಂಜುನಾಥನಿಗೂ ಅದು ಕೇಳಿಸಿತು. ಅವನು ಹೊರಗೆ ಹೋಗಿ, ಗೇಟಿನ ಪಕ್ಕದಲ್ಲಿದ್ದ ತನ್ನ ಹೊಸ ಕಾರನ್ನು ಸ್ಟಾರ್ಟ್ ಮಾಡಿ, ರಸ್ತೆಯ ಆಚೆ ಬದಿಯಲ್ಲಿ, ಸಾಕಷ್ಟು ದೂರದಲ್ಲಿ ನಿಲ್ಲಿಸಿ ಬಂದ.